ಅಪ್ಪನ ಅಂಗೈಯಲ್ಲಿ ಉಳಿದ ಸೋಪು

ಕೈ ತೊಳೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೋಪು ಎಲ್ಲೆಲ್ಲಿ ಅಡಗಿ ಕೂರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ, ಉಂಗುರವಿದ್ದರೆ ಅದರ ಕೆಳಗೆ, ಹೆಬ್ಬೆರಳು ಅಂಗೈಗೆ ಕೂಡುವ ಕಡೆ ಬೀಳುವ ಮಡಿಕೆಯಲ್ಲಿ. ನೊರೆ ಹೋದರೆ ಸೋಪು ಹೋಯಿತು ಅಂದುಕೊಂಡು ನಲ್ಲಿ ನಿಲ್ಲಿಸುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನೊರೆ ಹೋದ ಮೇಲೂ ಒಂದು ಜಾರು ಉಳಿಯುತ್ತದೆ. ಹೆಬ್ಬೆರಳಿಂದ ಅಂಗೈಯನ್ನು ಒತ್ತಿ ಎಳೆದರೆ ಅದು ಸರ್ರನೆ ಜಾರಬಾರದು, ತಡೆದು ತಡೆದು ಹೋಗಬೇಕು. ಹಾಗಾದರೆ ಮಾತ್ರ ತೊಳೆದದ್ದು ಸರಿಯಾಯಿತು. ಇದನ್ನೆಲ್ಲ ನಾನು ಕಲಿತದ್ದು ಅಪ್ಪನ ಎಡಗೈ ತೊಳೆದು.

ಅಪ್ಪ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಭತ್ತದ ಗುಣ ನೋಡಿ ಖರೀದಿ ಮಾಡುವ ಕೆಲಸದಲ್ಲಿದ್ದರು. ಗಾಡಿ ಬಂದು ನಿಂತರೆ ಚೀಲದೊಳಗೆ ಮೊಣಕೈವರೆಗೂ ಬಲಗೈ ಇಳಿಸಿ, ತಳದ ಭತ್ತ ತೆಗೆದು, ಎರಡು ಅಂಗೈಗಳ ನಡುವೆ ಉಜ್ಜಿ, ಹೊಟ್ಟು ಊದಿ, ಉಳಿದ ಅಕ್ಕಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಅರವತ್ತರ ದಶಕದಲ್ಲಿ, ನಾನು ಲಂಗ ಹಾಕಿಕೊಂಡು ಅವರಿಗೆ ಬುತ್ತಿ ಒಯ್ಯುತ್ತಿದ್ದ ಕಾಲದಲ್ಲಿ, ತೆಕ್ಕಲಕೋಟೆ ಕಡೆಯಿಂದ ಬಂದ ರೈತರು ಅವರ ಕೈಯನ್ನೇ ನೋಡುತ್ತ ಉಸಿರು ಹಿಡಿದು ನಿಂತಿರುತ್ತಿದ್ದರು. ಅಪ್ಪನ ಬಾಯಿಂದ ಮಾತು ಹೊರಡುವುದು ಕಷ್ಟ. ಹೌದು, ಇಲ್ಲ, ನೋಡೋಣ, ಇಷ್ಟರಲ್ಲೇ ಅವರ ಸಂಸಾರ ನಡೆಯುತ್ತಿತ್ತು. ನನ್ನನ್ನು ಎತ್ತಿ ಮುದ್ದಾಡಿದ್ದಾಗಲಿ, ತಲೆ ಸವರಿದ್ದಾಗಲಿ ನನಗೆ ನೆನಪಿಲ್ಲ. ನಮ್ಮ ಮನೆಗಳಲ್ಲಿ ಆಗ ಯಾರೂ ಯಾರನ್ನೂ ಹಾಗೆ ಮುಟ್ಟುತ್ತಿರಲಿಲ್ಲ. ಪ್ರೀತಿ ಬಂದರೆ ತಾಟಿಗೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು, ಅಷ್ಟೆ.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಅಪ್ಪ ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿನ ಕರಡಿಗೆ ಬಿಚ್ಚಿ, ಅದರೊಳಗಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರೆ ಮನೆಯಲ್ಲಿ ಪಾತ್ರೆಯ ಸದ್ದೂ ಆಗಬಾರದು. ಬಲಗೈಯಿಂದ ಲಿಂಗದ ಮೇಲೆ ನೀರು ಹನಿಸುವುದು, ವಿಭೂತಿ ಧರಿಸುವುದು, ಪತ್ರೆ ಏರಿಸುವುದು. ಅಂಗೈಯ ಕುಳಿಯಲ್ಲಿ ನಿಂತ ಆ ನೀರನ್ನೇ ಕೊನೆಗೆ ತೀರ್ಥವೆಂದು ತುಟಿಗೆ ತೆಗೆದುಕೊಳ್ಳುವುದು. ಅದಾಗದೆ ಅಪ್ಪ ಅನ್ನ ಮುಟ್ಟುತ್ತಿರಲಿಲ್ಲ, ನೀರೂ ಕುಡಿಯುತ್ತಿರಲಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಹೆಂಡತಿಯಾದರೂ ಅಷ್ಟೆ, ಮಗಳಾದರೂ ಅಷ್ಟೆ.

ನನ್ನ ಮದುವೆಯಾಗಿ ನಾನು ಬಳ್ಳಾರಿಯ ಬ್ರೂಸ್‌ಪೇಟೆಗೆ ಬಂದು ಕೆಲವು ವರ್ಷಗಳಾಗಿದ್ದವು. ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು. ಕಾಲು ಎಳೆದುಕೊಂಡು ನಾಲ್ಕು ಹೆಜ್ಜೆ ಇಡುವಷ್ಟು ಆಮೇಲೆ ಸುಧಾರಿಸಿತಾದರೂ ಬಲಗೈ ಏಳಲಿಲ್ಲ. ಮೊದಲೇ ಕಡಿಮೆಯಿದ್ದ ಮಾತು ಇನ್ನೂ ತೊದಲಾಯಿತು. ಪೂಜೆಯಲ್ಲಿ ನೀರು ಹನಿಸುವುದನ್ನು ಮನೆಯಲ್ಲಿದ್ದವರು ಲಿಂಗ ಮುಟ್ಟದೆ ಮಾಡಿಕೊಟ್ಟರೆ, ಉಳಿದ ಎಲ್ಲ ಕೆಲಸವೂ ಈಗ ಎಡಗೈಯದೇ. ಹಿತ್ತಲಿಗೆ ಹೋಗಿ ಬಂದರೆ ತೊಳೆದುಕೊಳ್ಳುವುದೂ ಅದೇ ಕೈ, ಉಣ್ಣುವುದೂ ಅದೇ ಕೈ, ಲಿಂಗ ಕೂರುವುದೂ ಅದೇ ಕೈಯ ಮೇಲೆ. ಅದು ಅಪ್ಪನನ್ನು ಲಕ್ವಾಕ್ಕಿಂತ ಹೆಚ್ಚು ಹಣ್ಣು ಮಾಡಿತು. ಅದಕ್ಕೂ ಮೊದಲು ಅವರು ಸೋಪನ್ನೇ ಮುಟ್ಟಿದವರಲ್ಲ, ಅದರಲ್ಲಿ ಏನೇನೋ ಕೊಬ್ಬು ಹಾಕಿರುತ್ತಾರೆ ಎಂದು ಬೂದಿಯಲ್ಲೇ ಕೈ ಉಜ್ಜಿಕೊಂಡು ಬಂದವರು. ಈಗ ಅವರೇ ಸೋಪು ಹಚ್ಚಿ ತೊಳೆಯಬೇಕು ಎಂದು ಹಟ ಹಿಡಿದರು. ಬೂದಿಗೆ ಆ ಹೊಲಸು ಹೋಗುತ್ತದೆ ಎಂಬ ನಂಬಿಕೆ ಅವರಿಗೆ ಹೋಗಿತ್ತು. ಆದರೆ ಹಚ್ಚಿದ ಸೋಪು ಒಂದಿಷ್ಟೂ ಉಳಿಯಬಾರದು. ಉಳಿದರೆ ಅದು ಲಿಂಗಕ್ಕೆ ತಗಲುತ್ತದೆ, ತೀರ್ಥದಲ್ಲಿ ಬಾಯಿಗೂ ಬರುತ್ತದೆ.

ಇನ್ನೊಂದು ಪೇಚೂ ಇತ್ತು. ಒಂದು ಕೈ ತೊಳೆಯಬೇಕೆಂದರೆ ಇನ್ನೊಂದು ಕೈ ಬೇಕು. ಒಂದೇ ಕೈ ಇದ್ದವರು ಅದನ್ನು ತಾವೇ ತೊಳೆದುಕೊಳ್ಳಲಾರರು. ನೀರಲ್ಲಿ ಅದ್ದಬಹುದು, ಕಲ್ಲಿಗೆ ಉಜ್ಜಬಹುದು, ಬೆರಳ ಸಂದಿಗೆ ಯಾವ ಬೆರಳು ಹೋಗಬೇಕು? ಹಾಗಾಗಿ ಅಪ್ಪನ ಕೈ ತೊಳೆಯುವುದು ಅವ್ವನ ಕೆಲಸವಾಯಿತು.

ನಾನು ತವರಿಗೆ ಹೋದಾಗೆಲ್ಲ ಅದನ್ನು ನೋಡುತ್ತಿದ್ದೆ. ಬಚ್ಚಲ ಕಲ್ಲಿನ ಪಕ್ಕ ಅಪ್ಪ ಮಣೆಯ ಮೇಲೆ ಕೂರುತ್ತಿದ್ದರು. ಅವ್ವ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವರ ಕೈಯನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು ಸೋಪು ಹಚ್ಚಿ, ಒಂದೊಂದೇ ಬೆರಳು ಹಿಡಿದು, ಬುಡದಿಂದ ತುದಿಗೆ ಎಳೆಯುತ್ತಿದ್ದಳು. ಉಗುರ ಸಂದಿಗೆ ತನ್ನ ಉಗುರು ಹಾಕಿ ತೆಗೆಯುತ್ತಿದ್ದಳು. ಹಾಗೇ ಮಾಡುತ್ತ ಊರ ಸುದ್ದಿಯೆಲ್ಲ ಹೇಳುತ್ತಿದ್ದಳು. ಕಾಲುವೆಗೆ ನೀರು ಬಿಟ್ಟದ್ದು, ಪಕ್ಕದ ಮನೆಯ ಎಮ್ಮೆ ಈದದ್ದು, ಯಾರದೋ ಸೊಸೆ ಮುನಿಸಿಕೊಂಡು ಹೋದದ್ದು. ಅಪ್ಪ ಕಣ್ಣು ಮುಚ್ಚಿ ಮಂತ್ರ ಹೇಳಿಕೊಳ್ಳುತ್ತಿದ್ದರೋ, ಸುದ್ದಿ ಕೇಳುತ್ತಿದ್ದರೋ, ಅವರಿಗೇ ಗೊತ್ತು. ಚೊಂಬು ನೀರು ಹಾಕಿ ತೊಳೆದಾದ ಮೇಲೆ ಅಪ್ಪ ತೊದಲುತ್ತ "ಇನ್ನೂ ಐತಿ" ಅನ್ನುತ್ತಿದ್ದರು. ಅವ್ವ ಮತ್ತೆ ನೀರು ಹಾಕಿ ಮತ್ತೆ ತಿಕ್ಕುತ್ತಿದ್ದಳು. "ಇನ್ನೂ ಐತಿ." ಮತ್ತೆ ನೀರು. ಸಿರುಗುಪ್ಪದಲ್ಲಿ ಕಾಲುವೆ ನೀರಿಗೇನು ಬರವೇ?

ನೋಡಿ ನೋಡಿ ನನಗೆ ತಡೆಯದೆ ಒಮ್ಮೆ ಅಡುಗೆಮನೆಯಲ್ಲಿ ಅವ್ವನನ್ನು ತರಾಟೆಗೆ ತೆಗೆದುಕೊಂಡೆ. ಸೋಪು ಯಾವಾಗಲೋ ಹೋಗಿರುತ್ತದೆ, ಅವರು ಅಂದರೆಂದು ನೀನೂ ಕುಣಿಯುತ್ತೀಯಲ್ಲ, ನಿನಗೆ ಸೊಂಟ ನೋವು ಬೇರೆ ಎಂದೆ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲೂ ಇಲ್ಲ.

"ಹೋಗಿರ್ತೈತಿ, ನನಗೂ ಗೊತ್ತೈತಿ," ಎಂದಳು. "ಅವರು ಐತಿ ಅಂದ್ರ ಐತಿ. ನನ್ ಗಂಟೇನ್ ಹೋಗತೈತಿ?"

ಗಂಡನ ಮಾತೆಂದರೆ ವೇದವಾಕ್ಯ ಮಾಡಿಕೊಂಡ ಹೆಂಗಸು ಎಂದು ನನಗೆ ಅವ್ವನ ಮೇಲೆ ಇನ್ನಷ್ಟು ಕೋಪ ಬಂತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವ್ವ ಹೋಗಿಬಿಟ್ಟಳು. ಜ್ವರವೆಂದು ಮಲಗಿದವಳು ಮತ್ತೆ ಏಳಲೇ ಇಲ್ಲ. ಮೊದಲು ಹೋಗಬೇಕಾದವರು ಅಪ್ಪ ಎಂದೇ ಎಲ್ಲರೂ, ಅಪ್ಪನೂ ಸೇರಿ, ಎಣಿಸಿಕೊಂಡಿದ್ದರು. ಮಣ್ಣು ಮಾಡಿ ಬಂದ ಮೇಲೆ ಅಪ್ಪ ಬಚ್ಚಲ ಮಣೆಯ ಮೇಲೆ ಕೂತು ಎಡಗೈಯನ್ನು ಮುಂದೆ ಚಾಚಿಕೊಂಡಿದ್ದರು. ಯಾರಾದರೂ ಬರುತ್ತಾರೆ ಎಂದು ಕಾಯುತ್ತಿದ್ದರು. ನಾನು ಹೋಗಿ ತೊಳೆದೆ. ಆ ದಿನ ಅವರು ಇನ್ನೂ ಐತಿ ಅನ್ನಲಿಲ್ಲ.

ನಾನು ಒಬ್ಬಳೇ ಮಗಳು. ಅಪ್ಪನನ್ನು ಬಳ್ಳಾರಿಗೆ ಕರೆತಂದೆವು. ಅಳಿಯನ ಮನೆಯಲ್ಲಿ ಉಣ್ಣಬೇಕಾಯಿತಲ್ಲ ಎಂಬ ಸಂಕೋಚ ಅವರಿಗೆ. ನಮ್ಮ ಮನೆಯವರದು ಬ್ರೂಸ್‌ಪೇಟೆಯಲ್ಲಿ ಕಿರಾಣಿ ಅಂಗಡಿ. ಅವರು ಮಾವನನ್ನು ಒಂದು ಮಾತು ಅಂದವರಲ್ಲ. ಆದರೂ ಅಪ್ಪ ಪಡಸಾಲೆಯ ಮೂಲೆಯಲ್ಲಿ ಕಾಲು ಮಡಚಿಕೊಂಡು, ಎಷ್ಟು ಕಡಿಮೆ ಜಾಗ ಸಾಕೋ ಅಷ್ಟರಲ್ಲೇ ಕೂತಿರುತ್ತಿದ್ದರು.

ಬೆಳಿಗ್ಗೆ ನಮ್ಮ ಮನೆ ಎಂದರೆ ರಣರಂಗ. ನಲ್ಲಿ ಬರುವುದೂ ಅದೇ ಹೊತ್ತಿಗೆ, ಮಕ್ಕಳು ಸಾಲೆಗೆ ಹೊರಡುವುದೂ ಅದೇ ಹೊತ್ತಿಗೆ, ಅಂಗಡಿಯ ಬಾಗಿಲು ತೆಗೆಯಬೇಕಾದದ್ದೂ ಅದೇ ಹೊತ್ತಿಗೆ. ಅದರ ನಡುವೆ ನಾನು ಓಡಿ ಹೋಗಿ ಅಪ್ಪನ ಕೈಗೆ ಸೋಪು ಹಚ್ಚಿ, ಬರಬರ ತಿಕ್ಕಿ, ನೀರು ಸುರಿದು ಎದ್ದು ನಿಲ್ಲುತ್ತಿದ್ದೆ. ಅಪ್ಪ ಕೈಯನ್ನು ಹಾಗೇ ಹಿಡಿದಿರುತ್ತಿದ್ದರು. "ಇನ್ನೂ ಐತವ್ವ." ಇನ್ನೊಂದು ಚೊಂಬು ಸುರಿದರೂ ಅದೇ ಮಾತು. ಅಷ್ಟರಲ್ಲಿ ಒಲೆಯ ಮೇಲೆ ಏನೋ ಉಕ್ಕಿ, ಒಬ್ಬನಿಗೆ ಅಂಗಿ ಸಿಗದೆ, ನಾನು ಅತ್ತ ಓಡುತ್ತಿದ್ದೆ. ತಿರುಗಿ ಬರುವಷ್ಟರಲ್ಲಿ ಅಪ್ಪ ಎದ್ದು ಹೋಗಿ ಮೂಲೆಯಲ್ಲಿ ಕೂತಿರುತ್ತಿದ್ದರು. ಕರಡಿಗೆ ಬಿಚ್ಚಿರುತ್ತಿರಲಿಲ್ಲ. ಯಾಕೆಂದು ಕೇಳಿದರೆ, ಕೈ ಸರಿಯಿಲ್ಲ, ಆಮೇಲೆ ಮಾಡುತ್ತೇನೆ ಎಂಬ ಉತ್ತರ. ಪೂಜೆಯಿಲ್ಲ ಎಂದರೆ ಊಟವೂ ಇಲ್ಲ. ಒಂದು ಗುಟುಕು ಚಹಾ ಕೂಡ ಇಲ್ಲ. ಸಂಜೆ ನಾನು ಕೆಲಸ ಮುಗಿಸಿ ಬಿಡುವಾಗಿ ಕೂತು ತೊಳೆದರೆ ಮಾತ್ರ ಸೋಪು ಹೋಗುತ್ತಿತ್ತು. ಆಗ ಪೂಜೆ, ಆಮೇಲೆ ಒಂದು ರೊಟ್ಟಿ, ಒಂದಿಷ್ಟು ಮಜ್ಜಿಗೆ ಅನ್ನ. ದಿನಕ್ಕೆ ಅದೊಂದೇ ಊಟವಾಯಿತು. ಅಪ್ಪ ಕಣ್ಣೆದುರೇ ಇಳಿದುಹೋಗತೊಡಗಿದರು. ಕೊರಳ ಎಲುಬು ಎದ್ದು ಕಂಡಿತು. ಕರಡಿಗೆಯ ದಾರವೇ ಅವರಿಗೆ ಭಾರವಾದಂತೆ ತಲೆ ಮುಂದಕ್ಕೆ ಬಾಗಿತು. ಅವ್ವನ ಹಿಂದೆಯೇ ಅಪ್ಪನನ್ನೂ ಕಳುಹಿಸಿಬಿಡುತ್ತೇನೆ ಎಂದು ನನಗೆ ಭಯವಾಯಿತು.

ಬೆಳಿಗ್ಗೆ ಹೋಗದ ಸೋಪು ಸಂಜೆ ಯಾಕೆ ಹೋಗುತ್ತದೆ ಎಂದು ನಾನು ತಲೆ ಕೆಡಿಸಿಕೊಂಡೆ. ತಪ್ಪು ನೀರಿನದು ಎಂದು ನಾನೂ ನಮ್ಮ ಮನೆಯವರೂ ಸೇರಿ ತೀರ್ಮಾನ ಮಾಡಿದೆವು. ಸಂಜೆ ಸುರಿಯುತ್ತಿದ್ದುದು ಹಂಡೆಯಲ್ಲಿನ ನಲ್ಲಿ ನೀರು, ಬೆಳಿಗ್ಗೆ ಅವಸರಕ್ಕೆ ನಮ್ಮ ಓಣಿಯ ಬಾವಿಯ ಸವಳು ನೀರು. ಅದರಲ್ಲಿ ಸೋಪು ನೊರೆಯಾಗದೆ, ಒಡೆದ ಹಾಲಿನ ಹಾಗೆ ಗರಣೆಗಟ್ಟಿ ಚರ್ಮಕ್ಕೆ ಅಂಟಿಕೊಳ್ಳುತ್ತಿತ್ತು. ಇದೇ ಕಾರಣ ಇರಬೇಕು, ಸಿರುಗುಪ್ಪದ ಸಿಹಿನೀರಿಗೆ ಒಗ್ಗಿದ ಕೈ ಎಂದುಕೊಂಡೆವು. ನಲ್ಲಿ ನೀರನ್ನು ಹಂಡೆಯಲ್ಲಿ ಬೇರೆಯಾಗಿ ಹಿಡಿದಿಟ್ಟು ಅಪ್ಪನ ಕೈಗೆಂದೇ ತೆಗೆದಿರಿಸಿದೆ. ಬಿಸಿನೀರು ಮಾಡಿ ನೋಡಿದೆ. ನಮ್ಮ ಮನೆಯವರು ಅಂಗಡಿಯಲ್ಲಿದ್ದ ಸೋಪುಗಳನ್ನೆಲ್ಲ ಒಂದೊಂದಾಗಿ ತಂದರು. ಕೆಂಪು ಸೋಪು, ಹಸಿರು ಸೋಪು, ಕೂಸುಗಳಿಗೆ ಹಚ್ಚುವ ಸೋಪು. ಈ ಕೈಗೆ ತುಂಗಭದ್ರೆಯನ್ನೇ ಬ್ರೂಸ್‌ಪೇಟೆಗೆ ತಿರುಗಿಸಬೇಕಾದೀತು ಎಂದು ಚಾಷ್ಟಿ ಮಾಡಿದರು. ಕಡಲೆಹಿಟ್ಟು ಹಚ್ಚೋಣವೆಂದರೆ ಅಪ್ಪ ತಲೆಯಾಡಿಸಿಬಿಟ್ಟರು. ಸೋಪೇ ಆಗಬೇಕು. ಯಾವ ಸೋಪು, ಯಾವ ನೀರು ಆದರೂ ಬೆಳಗಿನ ಮಾತು ಬದಲಾಗಲಿಲ್ಲ. ಇನ್ನೂ ಐತವ್ವ.

ಈ ಸುದ್ದಿ ಕುರುಗೋಡಿನಲ್ಲಿದ್ದ ಅತ್ತೆಗೆ ಮುಟ್ಟಿತು. ಅಪ್ಪನ ತಂಗಿ. ಗುಡ್ಡದ ಬುಡದ ಊರಿನ ಹೆಂಗಸು, ಮಾತೂ ಹಾಗೇ, ಕಲ್ಲು ಒಡೆದ ಹಾಗೆ. ಒಳಗೆ ಮಾತ್ರ ಬೆಣ್ಣೆ. ಬಸ್ಸಿಳಿದು ಕೈಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿಕೊಂಡು ಬಂದವಳು ಅಣ್ಣನ ಮುಖ ನೋಡಿ ಬಾಗಿಲಲ್ಲೇ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ನನ್ನನ್ನು ವಿಚಾರಿಸಿಕೊಂಡಳು. ನಾನು ಎಲ್ಲ ಹೇಳಿದೆ. ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು ನಾನು ತೊಳೆಯುವುದನ್ನು ನೋಡಿದಳು. ಅಪ್ಪನ ಕೈಯನ್ನು ಅವಳೇ ಮೂಸಿ ನೋಡಿ ಹುಬ್ಬೇರಿಸಿದಳು.

ಅದರ ಮರುದಿನ, ನೀನು ಏಳು, ನಾನು ತೊಳೆಯುತ್ತೇನೆ ಎಂದು ನನ್ನನ್ನು ಎಬ್ಬಿಸಿ ತಾನು ಕೂತಳು. ಅಪ್ಪ ಎಂದಿನಂತೆ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಕೈ ಚಾಚಿದರು. ಅತ್ತೆ ಸೋಪಿನ ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ತೆಗೆದು, ಟಪ್ಪೆಂದು ಹಾಕಿದಳು. ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಸೋಪನ್ನು ಮುಟ್ಟಲೇ ಇಲ್ಲ. ಬರೀ ಒದ್ದೆ ಕೈಯಿಂದ ಉಜ್ಜಿ, ನೀರು ಹಾಕಿದಳು.

"ಇನ್ನೂ ಐತಿ" ಎಂದರು ಅಪ್ಪ.

ಅತ್ತೆ ಇನ್ನೊಂದು ಚೊಂಬು ಹಾಕಿದಳು. ಅಪ್ಪ ಅದನ್ನೇ ಅಂದರು.

"ಏನೈತೋ ಅಣ್ಣ?" ಎಂದಳು ಅತ್ತೆ. "ಸೋಪೇ ಹಚ್ಚಿಲ್ಲ ನಾ. ಬರೇ ನೀರದು."

ಹೇಳಿ ಅವಳು ಗಟ್ಟಿಯಾಗಿ ನಕ್ಕಳು. ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದ ಮಕ್ಕಳು ಬಾಗಿಲಿಗೆ ಬಂದು, ಅಜ್ಜ ಸಿಕ್ಕಿಬಿದ್ದರೆಂದು ನಕ್ಕರು. ಪಡಸಾಲೆಯಲ್ಲಿ ಪೇಪರು ಹಿಡಿದಿದ್ದ ನಮ್ಮ ಮನೆಯವರೂ ಮುಖ ಮರೆಮಾಡಿಕೊಂಡರು. ನನಗೂ ನಗು ಬಂತು. ಇಷ್ಟು ದಿನ ಇಲ್ಲದ ಸೋಪಿಗಾಗಿ ನಾನು ಹಂಡೆಗಟ್ಟಲೆ ನೀರು ಹೊತ್ತೆನಲ್ಲ ಎಂದು ನೆನೆದು ಬಂದ ನಗು. ಅತ್ತೆಯದು ಕೆಟ್ಟ ನಗುವಲ್ಲ. ಚಿಕ್ಕಂದಿನಲ್ಲಿ ಅಣ್ಣನ ಕಳ್ಳಾಟ ಹಿಡಿದಾಗ ಹೀಗೇ ನಗುತ್ತಿದ್ದಳೋ ಏನೋ. ಅಪ್ಪ ಮಾತ್ರ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕಣ್ಣು ತೆರೆದು ಅಂಗೈಯನ್ನು ನೋಡಿಕೊಂಡರು. ಆಮೇಲೆ ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿ ತೊಡೆಯ ಮೇಲೆ ಇಟ್ಟುಕೊಂಡರು. ಅವರ ಕಿವಿ ಕೆಂಪಾಗಿತ್ತು.

ಅತ್ತೆ ಸೋಪು ಹಚ್ಚಿ ಮತ್ತೊಮ್ಮೆ ತೊಳೆದುಕೊಟ್ಟಳು, ಆ ದಿನ ಬೆಳಿಗ್ಗೆಯೇ ಪೂಜೆಯಾಯಿತು. ಬೆಳಿಗ್ಗೆಯೇ ಊಟ. ಅತ್ತೆ ಕಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಟ್ಟದ್ದನ್ನು ಅಪ್ಪ ಪೂರ್ತಿ ಉಂಡರು. ಅದು ಬರೀ ಮನಸ್ಸಿನ ಭ್ರಮೆ, ಬಿಡಿಸಿದೆ ನೋಡು ಎಂದು ಅತ್ತೆ ನನಗೆ ಹೇಳಿದಳು. ಹೊರಡುವಾಗ ಅಣ್ಣನ ಕಾಲಿಗೆ ನಮಸ್ಕಾರ ಮಾಡಿ, ಇನ್ನು ಹಟ ಮಾಡಬೇಡ ಎಂದು ಬೈದು, ಸಮಾಧಾನದಿಂದ ಕುರುಗೋಡಿನ ಬಸ್ಸು ಹತ್ತಿದಳು.

ಅಲ್ಲಿಂದ ಮುಂದೆ ಅಪ್ಪ ನನಗೆ ಒಂದಿಷ್ಟೂ ತೊಂದರೆ ಕೊಡಲಿಲ್ಲ. ನಾನು ಸೋಪು ಹಚ್ಚಿ ಮೊದಲ ಚೊಂಬು ಸುರಿಯುವುದೇ ತಡ, "ಹೋತು, ಸಾಕು" ಎಂದು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಕೆಲವು ಸಲ ಮಣಿಕಟ್ಟಿನ ಹತ್ತಿರ ನೊರೆ ಕಣ್ಣಿಗೇ ಕಾಣುತ್ತಿತ್ತು. ಆದರೂ ಹೋಯಿತು ಅನ್ನುತ್ತಿದ್ದರು. ಆ ಕೈಯಲ್ಲೇ ಲಿಂಗ ಹಿಡಿದು, ಆ ತೀರ್ಥವನ್ನೇ ತುಟಿಗೆ ತೆಗೆದುಕೊಂಡು, ಹೊತ್ತಿಗೆ ಸರಿಯಾಗಿ ಉಂಡು ಮೂಲೆಗೆ ಸರಿಯುತ್ತಿದ್ದರು. ಮೈಯೂ ಸ್ವಲ್ಪ ಕೂಡಿಕೊಂಡಿತು. ನೋಡಿದವರೆಲ್ಲ ಮಗಳ ಆರೈಕೆ ಎಂದು ಹೊಗಳಿದರು. ಬೆಳಗಿನ ರಣರಂಗವೂ ಎಷ್ಟೋ ತಣ್ಣಗಾಯಿತು. ನನ್ನ ಎದೆಗೆ ಮಾತ್ರ ಏನೋ ಚುಚ್ಚತೊಡಗಿತು.

ಒಂದು ದಿನ ಕಾಳು ಆರಿಸುತ್ತ ಕೂತಾಗ ಅವ್ವ ಅಪ್ಪನ ಒಂದೊಂದೇ ಬೆರಳು ಹಿಡಿದು ಎಳೆಯುತ್ತಿದ್ದುದು ಕಣ್ಣ ಮುಂದೆ ಬಂತು. ನೋಡುತ್ತ ನೋಡುತ್ತ ನನಗೆ ಗೊತ್ತಾಯಿತು. ಅವ್ವನಿಗೆ ಎಲ್ಲ ತಿಳಿದಿತ್ತು. ಸೋಪು ಇಲ್ಲ ಎಂಬುದೂ ತಿಳಿದಿತ್ತು, ಅವರು ಯಾಕೆ ಐತಿ ಅನ್ನುತ್ತಾರೆ ಎಂಬುದೂ ತಿಳಿದಿತ್ತು. ಅರ್ಧ ಮೈ ಸತ್ತುಹೋದ ಒಬ್ಬ ಮನುಷ್ಯ, ಬದುಕಿರುವ ಒಂದೇ ಕೈಯನ್ನು ಯಾರಾದರೂ ಇನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳಲಿ ಎಂದು ಬಾಯಿಬಿಟ್ಟು ಕೇಳುವುದಾದರೂ ಹೇಗೆ? ಅದಕ್ಕೆ ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲ. ಅಪ್ಪ ಸೋಪಿನ ಹೆಸರು ಹೇಳಿ ಕೇಳುತ್ತಿದ್ದರು, ಅವ್ವ ನೀರಿನ ನೆಪದಲ್ಲಿ ಕೊಡುತ್ತಿದ್ದಳು. ಸಂಜೆಯ ಹೊತ್ತು ನಾನು ಅವಸರವಿಲ್ಲದೆ ಕೂತು ತೊಳೆದಾಗ ಸೋಪು ಹೋಗುತ್ತಿದ್ದುದಕ್ಕೆ ಹಂಡೆಯ ನೀರು ಕಾರಣವಾಗಿರಲಿಲ್ಲ. ಬೆಳಗಿನಿಂದ ಉಪವಾಸ ಕೂತು ಅವರು ಆ ಹೊತ್ತಿಗಾಗಿ ಕಾಯುತ್ತಿದ್ದರು. ಕಾಳಿನ ಮೊರ ಮುಂದಿಟ್ಟುಕೊಂಡು ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವ್ವ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಅವ್ವನ ಜಾಗದಲ್ಲಿ ಕೂತು ಅದನ್ನು ಮತ್ತೆ ಕೊಡಬಹುದು ಎಂದು ನನಗೆ ಅನ್ನಿಸಿತು. ಮಕ್ಕಳಿಗೆ ಸಾಲೆ ಇಲ್ಲದ ಒಂದು ಬೆಳಿಗ್ಗೆ, ಎಲ್ಲರೂ ಹೊರಗೆ ಹೋದ ಮೇಲೆ, ಒಲೆ ಆರಿಸಿ ಬಚ್ಚಲಿಗೆ ಬಂದೆ. ಹೆಗಲ ಮೇಲೆ ಒಗೆದ ಟವೆಲ್ಲು ಹಾಕಿಕೊಂಡು ಅಪ್ಪನ ಎದುರು ಕುಕ್ಕರಗಾಲಲ್ಲಿ ಕೂತೆ. ಕೈಯನ್ನು ನನ್ನ ಮೊಣಕಾಲ ಮೇಲಿಟ್ಟುಕೊಂಡು ಸೋಪು ಹಚ್ಚಿದೆ. ಒಂದೊಂದೇ ಬೆರಳು ಹಿಡಿದು ಬುಡದಿಂದ ತುದಿಗೆ ಎಳೆದೆ. ಆ ಅಂಗೈ ಎಷ್ಟು ತೆಳ್ಳಗಾಗಿದೆ ಎಂದು ನಾನು ಅವತ್ತೇ ನೋಡಿದ್ದು. ಅವ್ವನ ಹಾಗೆ ಊರ ಸುದ್ದಿ ಹೇಳಲು ಬರದೆ, ಬೆರಳ ಸಂದಿಗಳನ್ನೇ ಮತ್ತೊಮ್ಮೆ ತಿಕ್ಕಿದೆ. ನೀರು ಹಾಕಿದೆ.

"ಹೋತು" ಎಂದರು ಅಪ್ಪ.

ನಾನು ಕೈ ಬಿಡಲಿಲ್ಲ.

"ಇಲ್ಲಪ್ಪ, ಇನ್ನೂ ಉಳದೈತಿ," ಎಂದೆ. "ತಡೀರಿ, ಇನ್ನೊಮ್ಮೆ ತೊಳೀತೀನಿ."

ಅಪ್ಪ ಕಣ್ಣು ತೆರೆದು ನನ್ನ ಮುಖ ನೋಡಿದರು. ನನಗೆ ಗೊತ್ತಾಗಿದೆ ಎಂಬುದು ಅವರಿಗೂ ಗೊತ್ತಾಯಿತು. ಅವರ ಕಿವಿ ಮತ್ತೆ ಕೆಂಪೇರಿತು. ಅವತ್ತು ಬಾಗಿಲಲ್ಲಿ ನಿಂತು ನಕ್ಕವರೆಲ್ಲ ಅವರ ಪಾಲಿಗೆ ಇನ್ನೂ ಅಲ್ಲೇ ನಿಂತಿದ್ದರು.

"ಇಲ್ಲವ್ವ, ಪೂರಾ ಹೋಗೈತಿ," ಎಂದರು ತೊದಲುತ್ತ. "ನಿನಗ ಕೆಲಸ ಅದಾವು, ಹೋಗು."

ಕೈಯನ್ನು ಮೆಲ್ಲಗೆ, ನನಗೆ ನೋವಾಗದ ಹಾಗೆ, ನನ್ನ ಎರಡೂ ಕೈಗಳ ನಡುವಿನಿಂದ ಬಿಡಿಸಿಕೊಂಡರು. ಟವೆಲ್ಲಿಗೂ ಕಾಯದೆ ಉಟ್ಟ ಪಂಚೆಗೇ ಒರೆಸಿಕೊಂಡು, ಗೋಡೆ ಹಿಡಿದು ಎದ್ದರು. ಟವೆಲ್ಲು ನನ್ನ ಹೆಗಲ ಮೇಲೇ ಇತ್ತು.